ಡೀಸೆಲ್ ಜೀಪೋ, ವಿದ್ಯುತ್ ಕಾರೋ? - ಹಳ್ಳಿಯ ದಾರಿಗೆ ತಕ್ಕ ವಾಹನದ ಆಯ್ಕೆ

ಬೆಳೆಗೆ ತಳಿ ಆರಿಸುವಾಗ ನಮ್ಮ ರೈತರು ಮಣ್ಣು, ನೀರು, ಹಂಗಾಮು ಈ ಮೂರನ್ನೂ ವಿಚಾರಿಸುತ್ತಾರೆ. ಆದರೆ ಹತ್ತು ಹದಿನೈದು ಲಕ್ಷ ರೂಪಾಯಿ ಕೊಟ್ಟು ವಾಹನ ಕೊಳ್ಳುವಾಗ ಇಷ್ಟು ವಿಚಾರ ನಡೆಯುವುದು ಅಪರೂಪ. ನೆರೆಯವರು ಕೊಂಡರೆಂದೋ, ನೋಟಕ್ಕೆ ಗಟ್ಟಿಮುಟ್ಟಾಗಿದೆಯೆಂದೋ, ಡೀಸೆಲ್ ಖರ್ಚು ಉಳಿಯುತ್ತದೆಂದೋ ಕೊಳ್ಳುವುದುಂಟು. ಈಚಿನ ವರ್ಷಗಳಲ್ಲಿ ರೈತ ಕುಟುಂಬಗಳ ಮುಂದೆ ಎರಡು ದಾರಿಗಳು ಕಾಣುತ್ತಿವೆ. ಒಂದು, ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯುವ ಡೀಸೆಲ್ ಜೀಪು. ಇನ್ನೊಂದು, ಮನೆಯ ವಿದ್ಯುತ್ತಿನಿಂದಲೇ ಓಡುವ ಸಣ್ಣ ಕಾರು. ಇವೆರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಎಲ್ಲರಿಗೂ ಅನ್ವಯಿಸುವ ಉತ್ತರವಿಲ್ಲ. ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿ, ತಿಂಗಳಿಗೆ ಓಡುವ ಕಿಲೋಮೀಟರು, ಮನೆಗೆ ಬಂದಿರುವ ವಿದ್ಯುತ್ ತಂತಿ ಈ ಮೂರನ್ನು ಅಳೆದರೆ ಉತ್ತರ ತಾನಾಗಿ ದೊರೆಯುತ್ತದೆ. ಅಳೆಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಎರಡು ಬಗೆಯ ವಾಹನಗಳು

ಜೀಪು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿಯೇ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಮಲೆನಾಡಿನ ಕಾಫಿ, ಅಡಿಕೆ ತೋಟಗಳ ದಾರಿಗಳಲ್ಲಿ ಅಂದಿನಿಂದಲೂ ಜೀಪು ದುಡಿಯುತ್ತ ಬಂದಿದೆ. ವಿದ್ಯುತ್ ಕಾರಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದಿತು. 2010ರಲ್ಲಿ ಆ ಸಂಸ್ಥೆಯ ಹೆಚ್ಚಿನ ಪಾಲನ್ನು ಮಹೀಂದ್ರ ಸಂಸ್ಥೆಯೇ ಪಡೆಯಿತು. ರೇವಾದಲ್ಲಿ ಸೀಸ-ಆಮ್ಲದ ಬ್ಯಾಟರಿಯಿತ್ತು. ಇಂದಿನ ಕಾರುಗಳಲ್ಲಿ ಲಿಥಿಯಂ ಬ್ಯಾಟರಿ ಇರುವುದರಿಂದ ಅವು ಹೆಚ್ಚು ದೂರ ಓಡುತ್ತವೆ.

ಹೋಲಿಕೆಗಾಗಿ ಎರಡು ಉದಾಹರಣೆಗಳನ್ನು ತೆಗೆದುಕೊಳ್ಳಬಹುದು. 2020ರ ಅಕ್ಟೋಬರಿನಲ್ಲಿ ಹೊರಬಂದ ಥಾರ್ ವಾಹನದಲ್ಲಿ 2.2 ಲೀಟರಿನ ಡೀಸೆಲ್ ಎಂಜಿನ್ನು, ನಾಲ್ಕು ಚಕ್ರ ಚಾಲನೆ ಮತ್ತು ಕೆಳಗೇರಿನ ವ್ಯವಸ್ಥೆ ಇವೆ. ಅದರ ತಳವು ನೆಲದಿಂದ 226 ಮಿ.ಮೀ. ಎತ್ತರದಲ್ಲಿರುತ್ತದೆ. 2024ರ ಜನವರಿಯಲ್ಲಿ ಹೊರಬಂದ ಪಂಚ್ ಇ.ವಿ. ಕಾರಿನಲ್ಲಿ 25 ಮತ್ತು 35 ಯೂನಿಟ್ ಹಿಡಿಯುವ ಎರಡು ಬಗೆಯ ಬ್ಯಾಟರಿಗಳಿದ್ದು, ತಳದ ಎತ್ತರ 190 ಮಿ.ಮೀ. ಇತ್ತು. ಇದರಲ್ಲಿ ಮುಂದಿನ ಎರಡು ಚಕ್ರಗಳು ಮಾತ್ರ ಎಳೆಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಜೀಪಿನ ಆಕಾರವಿರುವ ವಾಹನಗಳೆಲ್ಲ ನಾಲ್ಕು ಚಕ್ರ ಚಾಲನೆಯವಲ್ಲ. ಥಾರ್ ವಾಹನವೇ 2023ರಿಂದ ಹಿಂದಿನ ಎರಡು ಚಕ್ರಗಳು ಮಾತ್ರ ಎಳೆಯುವ ರೂಪದಲ್ಲೂ ಬಂದಿದೆ. ಎತ್ತರವಾದ ಮೈಕಟ್ಟು, ದಪ್ಪ ಟೈರು ನೋಡಿ ಮೋಸಹೋಗದೆ, ನಾಲ್ಕು ಚಕ್ರ ಚಾಲನೆ ಮತ್ತು ಕೆಳಗೇರು ಎರಡೂ ಇವೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು.

2. ದಾರಿಯ ಪರೀಕ್ಷೆ

ವಾಹನ ಏರು ಹತ್ತಬೇಕಾದರೆ ಎರಡು ಎಳೆತಗಳನ್ನು ಮೀರಬೇಕು. ಒಂದು ಏರಿನ ಎಳೆತ, ಇನ್ನೊಂದು ಕೆಸರಿನ ಎಳೆತ. ಇವನ್ನು ಮೀರುವ ಬಲವು ಎಂಜಿನ್ನಿನಲ್ಲಿ ಎಷ್ಟೇ ಇದ್ದರೂ, ಟೈರು ನೆಲವನ್ನು ಹಿಡಿದಷ್ಟು ಬಲ ಮಾತ್ರ ಉಪಯೋಗಕ್ಕೆ ಬರುತ್ತದೆ. ಉಳಿದದ್ದು ಚಕ್ರ ಸುತ್ತಿ ಕೆಸರು ಹಾರಿಸುವುದರಲ್ಲಿ ವ್ಯರ್ಥವಾಗುತ್ತದೆ. ಎಳೆಯುವ ಚಕ್ರಗಳ ಮೇಲೆ ಬೀಳುವ ತೂಕ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ನಾಲ್ಕೂ ಚಕ್ರಗಳು ಎಳೆದರೆ ವಾಹನದ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ. ಎರಡೇ ಎಳೆದರೆ ಸುಮಾರು ಅರ್ಧ ಮಾತ್ರ. ಏರು ಹತ್ತುವಾಗ ತೂಕ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 8 ಮೀಟರು ಸಾಗಿದರೆ 1 ಮೀಟರು ಏರುವ ದಾರಿ ಎಂದಿಟ್ಟುಕೊಳ್ಳೋಣ. ವಾಹನದ ಪ್ರತಿ 100 ಕಿ.ಗ್ರಾಂ ತೂಕಕ್ಕೆ ಲೆಕ್ಕ ಹೀಗಿದೆ:

ಮಳೆಗಾಲದ ಕೆಸರಿನಲ್ಲಿ:
ಏರಿನ ಎಳೆತ - 12.5 ಕಿ.ಗ್ರಾಂ
ಕೆಸರಿನ ಎಳೆತ - 10 ಕಿ.ಗ್ರಾಂ
ಒಟ್ಟು ಬೇಕಾದ ಬಲ - 22.5 ಕಿ.ಗ್ರಾಂ
ಎರಡು ಚಕ್ರಗಳ ಹಿಡಿತ - 20 ಕಿ.ಗ್ರಾಂ
ನಾಲ್ಕು ಚಕ್ರಗಳ ಹಿಡಿತ - 40 ಕಿ.ಗ್ರಾಂ

ಅದೇ ಏರಿಗೆ ಗರಸು ಹಾಕಿ ಗಟ್ಟಿಮಾಡಿದಾಗ:
ಏರಿನ ಎಳೆತ - 12.5 ಕಿ.ಗ್ರಾಂ
ನೆಲದ ಎಳೆತ - 3 ಕಿ.ಗ್ರಾಂ
ಒಟ್ಟು ಬೇಕಾದ ಬಲ - 15.5 ಕಿ.ಗ್ರಾಂ
ಎರಡು ಚಕ್ರಗಳ ಹಿಡಿತ - 30 ಕಿ.ಗ್ರಾಂ

ಕೆಸರಿನಲ್ಲಿ ಹಿಡಿತವನ್ನು ತೂಕದ ಹತ್ತರಲ್ಲಿ ನಾಲ್ಕು ಪಾಲು, ಗರಸಿನ ಮೇಲೆ ಹತ್ತರಲ್ಲಿ ಆರು ಪಾಲು ಎಂದು ಇಲ್ಲಿ ಹಿಡಿಯಲಾಗಿದೆ. ಮಣ್ಣು ಮತ್ತು ಟೈರಿನ ಸ್ಥಿತಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಆದರೂ ಮುಖ್ಯ ಪಾಠ ಬದಲಾಗುವುದಿಲ್ಲ. ಕೆಸರಿನ ಏರಿನಲ್ಲಿ ಎರಡು ಚಕ್ರದ ಕಾರು ಸೋಲುತ್ತದೆ, ಜೀಪು ಸುಲಭವಾಗಿ ಹತ್ತುತ್ತದೆ. ಅದೇ ಏರಿಗೆ ಗರಸು ಬಿದ್ದರೆ ಸಣ್ಣ ಕಾರಿಗೂ ಬೇಕಾದುದರ ಸುಮಾರು ಎರಡು ಪಟ್ಟು ಹಿಡಿತ ದೊರೆಯುತ್ತದೆ.

ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಗುಬಲ ಕೊಡುತ್ತದೆ ಎಂಬುದು ನಿಜ. ಗಟ್ಟಿ ನೆಲದ ಏರಿನಲ್ಲಿ ಇದು ದೊಡ್ಡ ಅನುಕೂಲ. ಆದರೆ ಹಿಡಿತವಿಲ್ಲದ ಕಡೆ ಈ ಬಲದಿಂದ ಪ್ರಯೋಜನವಿಲ್ಲ. ನಾಲ್ಕು ಚಕ್ರ ಚಾಲನೆಗೂ ಮಿತಿಯಿದೆ. ಅದು ಮುಂದೆ ಸಾಗಲು ಸಹಾಯಮಾಡುತ್ತದೆಯೇ ಹೊರತು ಬ್ರೇಕಿನ ಹಿಡಿತವನ್ನು ಹೆಚ್ಚಿಸುವುದಿಲ್ಲ. ಹತ್ತಿದ ಏರನ್ನು ಇಳಿಯುವಾಗ ಜೀಪು ಸಹ ಜಾರುತ್ತದೆ. ಆದ್ದರಿಂದ ಕೆಳಗೇರಿನಲ್ಲಿ ನಿಧಾನವಾಗಿ ಇಳಿಯಬೇಕು.

ದಾರಿಯ ಕೆಟ್ಟ ಭಾಗವನ್ನು ಮಳೆಗಾಲದಲ್ಲಿಯೇ ನಡೆದು ನೋಡಬೇಕು. ಎಷ್ಟು ಮೀಟರು ಉದ್ದ, ಎಷ್ಟು ಏರು, ಗಾಲಿಜಾಡು ಎಷ್ಟು ಆಳ, ವರ್ಷದಲ್ಲಿ ಎಷ್ಟು ದಿನ ಹೀಗಿರುತ್ತದೆ ಎಂಬುದನ್ನು ಬರೆದಿಡಬೇಕು. ಜಾಡಿನ ನಡುವಿನ ದಿಬ್ಬದ ಎತ್ತರವನ್ನು ಅಳೆಯುವುದೂ ಅವಶ್ಯಕ. ಅದು 15 ಸೆಂ.ಮೀ. ದಾಟಿದ್ದರೆ, ನಾಲ್ಕು ಜನ ಕುಳಿತು ಸ್ವಲ್ಪ ತಗ್ಗಿದ ಸಣ್ಣ ಕಾರಿನ ತಳ ತಾಗುವ ಸಂಭವವಿದೆ. ವಿದ್ಯುತ್ ಕಾರಿನ ಬ್ಯಾಟರಿ ತಳದಲ್ಲಿಯೇ ಇರುವುದರಿಂದ ಈ ವಿಷಯದಲ್ಲಿ ಉದಾಸೀನ ಸಲ್ಲದು.

3. ಮಣ್ಣಿನ ಗುಣ

ಒಂದೇ ಮಳೆ ಬೇರೆಬೇರೆ ಮಣ್ಣಿನಲ್ಲಿ ಬೇರೆಬೇರೆ ಪರಿಣಾಮ ಮಾಡುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಗರಸಿನ ಅಂಶವಿರುವುದರಿಂದ ನೀರು ಬೇಗ ಬಸಿಯುತ್ತದೆ. ಅಲ್ಲಿ ತೊಂದರೆ ಬರುವುದು ಹೆಚ್ಚಾಗಿ ಏರು, ಕೊರಕಲು ಮತ್ತು ಪಾಚಿಯಿಂದ. ಇಂತಹ ಕಡೆ ನಾಲ್ಕು ಚಕ್ರ ಚಾಲನೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಧಾರವಾಡ, ಗದಗ, ವಿಜಯಪುರದಂತಹ ಜಿಲ್ಲೆಗಳ ಎರೆಮಣ್ಣಿನ ಸ್ವಭಾವ ಬೇರೆ. ಇದರ ಜೇಡಿಯು ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಟೈರಿನ ಗೀರುಗಳಲ್ಲಿ ಎರೆ ತುಂಬಿಕೊಂಡರೆ ಟೈರು ನುಣ್ಣಗಾದಂತೆಯೇ ಸರಿ. ಆಗ ನಾಲ್ಕೂ ಚಕ್ರಗಳು ಒಂದೇ ಬಾರಿಗೆ ಜಾರುತ್ತವೆ. ಎರೆಹೊಲದ ನಡುವಿನ ದಾರಿಯಲ್ಲಿ ಒಳ್ಳೆಯ ಮಳೆಯಾದ ದಿನ ಜೀಪಿಗೂ ಕಾರಿಗೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ. ಒಂದೆರಡು ದಿನ ಬಿಸಿಲು ಬಿದ್ದ ಮೇಲೆ ಎರಡೂ ಓಡುತ್ತವೆ. ಆದ್ದರಿಂದ ಎರೆಭೂಮಿಯ ರೈತರು ಕೆಸರಿನ ಭಯದಿಂದಲೇ ದುಬಾರಿ ಜೀಪು ಕೊಳ್ಳುವುದು ಯುಕ್ತವಲ್ಲ.

ನಾಲ್ಕು ಚಕ್ರದ ವಾಹನವಿದೆಯೆಂದು ಹಸಿ ಹೊಲದೊಳಗೆ, ತೋಟದ ಸಾಲುಗಳ ನಡುವೆ ಓಡಿಸುವ ರೂಢಿಯೂ ಕಂಡುಬರುತ್ತದೆ. ಹದವಾಗಿ ತೇವವಿದ್ದ ಮಣ್ಣು ಭಾರಕ್ಕೆ ಬೇಗ ಅದುಮಿಕೊಳ್ಳುತ್ತದೆ. ಅದರ ಬಹುಭಾಗ ಮೊದಲ ಓಡಾಟದಲ್ಲಿಯೇ ಆಗಿಹೋಗುತ್ತದೆ. ಅಡಿಕೆ, ಕಾಫಿ ಗಿಡಗಳ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿರುವುದರಿಂದ ಇಂತಹ ಅದುಮುವಿಕೆಯಿಂದ ಗಾಳಿ, ನೀರಿನ ಸಂಚಾರ ಕುಂದಿ ಇಳುವರಿಗೆ ಹಾನಿಯಾಗುತ್ತದೆ. ವಾಹನ ಯಾವುದೇ ಇರಲಿ, ತೋಟದೊಳಗೆ ಒಂದೇ ಜಾಡನ್ನು ಗೊತ್ತುಮಾಡಿ ಅದರಲ್ಲಿಯೇ ಓಡಿಸಬೇಕು.

4. ವಾಹನಕ್ಕೆ ಮುಂಚೆ ದಾರಿ

ಎರಡನೆಯ ಭಾಗದ ಲೆಕ್ಕದಿಂದ ಒಂದು ಮೂರನೆಯ ಆಯ್ಕೆ ಹೊರಡುತ್ತದೆ. ಕೆಟ್ಟ ದಾರಿ ಬಹಳ ಉದ್ದವಿಲ್ಲದಿದ್ದರೆ, ಅದನ್ನು ಸರಿಪಡಿಸಿ ಸಣ್ಣ ವಾಹನ ಕೊಳ್ಳುವುದೇ ಲಾಭಕರ.

ಉದಾಹರಣೆಗೆ, 200 ಮೀಟರು ಉದ್ದ, 3 ಮೀಟರು ಅಗಲದ ದಾರಿಗೆ 15 ಸೆಂ.ಮೀ. ದಪ್ಪ ಗಟ್ಟಿಯಾದ ಗರಸು ಬೇಕೆಂದರೆ 90 ಘನಮೀಟರು ಆಗುತ್ತದೆ. ಗರಸು ಅದುಮಿದಾಗ ಕುಗ್ಗುವುದರಿಂದ ಸುಮಾರು 120 ಘನಮೀಟರು ಸಡಿಲ ಗರಸು ತರಬೇಕು. ಟ್ರ್ಯಾಕ್ಟರಿನ ಟ್ರೇಲರು ಸುಮಾರು ಒಂದು ಬ್ರಾಸ್, ಅಂದರೆ 100 ಘನ ಅಡಿ ಅಥವಾ 2.8 ಘನಮೀಟರು ಹಿಡಿಯುತ್ತದೆಂದರೆ 43 ಲೋಡುಗಳಾಗುತ್ತವೆ. ನಿಮ್ಮ ಊರಿನ ಲೋಡಿನ ದರದಿಂದ ಇದನ್ನು ಗುಣಿಸಿ, ಎರಡು ವಾಹನಗಳ ಬೆಲೆಯ ಅಂತರದೊಂದಿಗೆ ಹೋಲಿಸಿ ನೋಡಿ. ಅಷ್ಟೇ ಅಲ್ಲದೆ, ಸರಿಯಾದ ದಾರಿಯಿಂದ ಗೊಬ್ಬರದ ಗಾಡಿ, ಹಾಲಿನ ವಾಹನ, ಆಂಬುಲೆನ್ಸ್, ಶಾಲೆಗೆ ಹೋಗುವ ಮಕ್ಕಳು ಎಲ್ಲರಿಗೂ ಅನುಕೂಲ. ನೆರೆಯವರೊಡನೆ ಖರ್ಚು ಹಂಚಿಕೊಳ್ಳುವುದಕ್ಕೂ ಅವಕಾಶವಿರುತ್ತದೆ.

ದಾರಿ ಮಾಡುವಾಗ ಈ ಕ್ರಮಗಳನ್ನು ಮರೆಯಬಾರದು:
ಅ) ಗರಸು ಹಾಕುವ ಮುಂಚೆ ಎರಡೂ ಬದಿಗೆ ಕಾಲುವೆ ತೆಗೆಯಬೇಕು. ನೀರು ಹೋಗದ ದಾರಿಯಲ್ಲಿ ಗರಸು ನಿಲ್ಲುವುದಿಲ್ಲ.
ಆ) ದಾರಿಯ ಮಧ್ಯಭಾಗ ಅಂಚಿಗಿಂತ ಸುಮಾರು 6 ಸೆಂ.ಮೀ. ಎತ್ತರವಿರಬೇಕು.
ಇ) ಹಳ್ಳದ ನೀರು ಅಡ್ಡ ಹಾಯುವಲ್ಲಿ ಸಿಮೆಂಟ್ ಕೊಳವೆ ಹೂಳಬೇಕು.
ಈ) ಎರೆಮಣ್ಣಿನ ಮೇಲೆ ನೇರವಾಗಿ ಗರಸು ಹಾಕಿದರೆ ಅದು ಕೆಳಗಿಳಿದು ಹೋಗುತ್ತದೆ. ಮೊದಲು ಮರಳು ಅಥವಾ ಕಲ್ಲಿನ ಪದರ ಕೊಡಬೇಕು.
ಉ) ಈ ಕೆಲಸವನ್ನು ಬೇಸಿಗೆಯ ಕೊನೆಯಲ್ಲಿ ಮುಗಿಸಿ, ಸ್ವಲ್ಪ ನೀರು ಚಿಮುಕಿಸಿ ರೋಲರಿನಿಂದ ಗಟ್ಟಿಮಾಡಬೇಕು.

ಆದರೆ ಕೆಟ್ಟ ದಾರಿ ಎರಡು ಮೂರು ಕಿಲೋಮೀಟರು ಇದ್ದರೆ, ಅರಣ್ಯದೊಳಗೆ ಹಾದುಹೋಗಿ ದುರಸ್ತಿಗೆ ಅನುಮತಿ ದೊರೆಯದಿದ್ದರೆ, ಅಥವಾ ಏರು ಬಹಳ ಕಡಿದಾಗಿದ್ದರೆ ಈ ಉಪಾಯ ನಡೆಯದು. ಅಲ್ಲಿ ನಾಲ್ಕು ಚಕ್ರ ಚಾಲನೆಯೇ ಸರಿಯಾದ ಆಯ್ಕೆ.

5. ಇಂಧನದ ಲೆಕ್ಕ

ಒಂದು ಲೀಟರು ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಆದರೆ ಎಂಜಿನ್ನಿನಲ್ಲಿ ಅದರ ಬಹುಭಾಗ ಶಾಖವಾಗಿ ಹೊರಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಇಂತಹ ನಷ್ಟ ಬಹಳ ಕಡಿಮೆ. ಆದ್ದರಿಂದ 25 ಯೂನಿಟ್ ಹಿಡಿಯುವ ಬ್ಯಾಟರಿ, ಅಂದರೆ 5 ಅಶ್ವಶಕ್ತಿಯ ಪಂಪನ್ನು ಐದಾರು ಗಂಟೆ ಓಡಿಸುವಷ್ಟು ವಿದ್ಯುತ್ತು, ಸಣ್ಣ ಕಾರನ್ನು ಸುಮಾರು 175 ಕಿ.ಮೀ. ಒಯ್ಯಬಲ್ಲದು. ಇದು ಯೂನಿಟ್ಟಿಗೆ 7 ಕಿ.ಮೀ. ಎಂಬ ಲೆಕ್ಕ. ಜಾಹೀರಾತಿನಲ್ಲಿ ತೋರಿಸುವ ದೂರವು ಪ್ರಯೋಗಶಾಲೆಯ ಪರೀಕ್ಷೆಯದಾಗಿದ್ದು, ಊರಿನ ದಾರಿಯಲ್ಲಿ ಅಷ್ಟು ದೊರೆಯುವುದಿಲ್ಲ. ಚಾರ್ಜ್ ಮಾಡುವಾಗಲೂ ಸ್ವಲ್ಪ ವಿದ್ಯುತ್ತು ನಷ್ಟವಾಗುವುದರಿಂದ ಮೀಟರಿನ ಲೆಕ್ಕಕ್ಕೆ ಯೂನಿಟ್ಟಿಗೆ 6 ಕಿ.ಮೀ. ಹಿಡಿಯುವುದು ಕ್ಷೇಮ.

ಡೀಸೆಲ್ ಜೀಪು ಹಳ್ಳಿಯ ದಾರಿಯಲ್ಲಿ ಲೀಟರಿಗೆ 10 ಕಿ.ಮೀ. ಓಡುತ್ತದೆ, ಡೀಸೆಲ್ ಲೀಟರಿಗೆ 90 ರೂ., ವಿದ್ಯುತ್ತು ತೆರಿಗೆ ಸೇರಿ ಯೂನಿಟ್ಟಿಗೆ 7 ರೂ. ಎಂದು ಹಿಡಿದರೆ:

ತಿಂಗಳಿಗೆ 400 ಕಿ.ಮೀ. ಓಡುವವರಿಗೆ: ಡೀಸೆಲ್ 3,600 ರೂ.; ವಿದ್ಯುತ್ತು ಸುಮಾರು 470 ರೂ.; ವರ್ಷದ ಉಳಿತಾಯ ಸುಮಾರು 37,500 ರೂ.
ತಿಂಗಳಿಗೆ 1,200 ಕಿ.ಮೀ. ಓಡುವವರಿಗೆ: ಡೀಸೆಲ್ 10,800 ರೂ.; ವಿದ್ಯುತ್ತು 1,400 ರೂ.; ವರ್ಷದ ಉಳಿತಾಯ ಸುಮಾರು 1,12,800 ರೂ.

ಈ ದರಗಳು ಲೆಕ್ಕದ ಅನುಕೂಲಕ್ಕಾಗಿ ಮಾತ್ರ. ಓದುಗರು ತಮ್ಮ ಊರಿನ ದರ ಹಾಕಿಕೊಂಡು ಲೆಕ್ಕ ಮಾಡಬೇಕು. ಹೆದ್ದಾರಿಯ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಯೂನಿಟ್ಟಿನ ದರ ಮನೆಯ ದರಕ್ಕಿಂತ ಬಹಳ ಹೆಚ್ಚು. ಯೂನಿಟ್ಟಿಗೆ 20 ರೂ. ಆದರೆ ಕಿಲೋಮೀಟರಿಗೆ 3 ರೂಪಾಯಿಗೂ ಮೇಲ್ಪಟ್ಟು ಬೀಳುತ್ತದೆ. ಹೀಗೆ ವಿದ್ಯುತ್ ಕಾರಿನ ಲಾಭವು ಮನೆಯಲ್ಲಿ ಚಾರ್ಜ್ ಮಾಡಿ ದಿನವೂ ಓಡಿಸುವವರಿಗೆ ಹೆಚ್ಚು. ತಿಂಗಳಿಗೆ ನಾಲ್ಕೈದು ಸಲ ಹೊರತೆಗೆಯುವವರಿಗೆ ಇಂಧನದ ಉಳಿತಾಯವೊಂದರಿಂದಲೇ ವಾಹನದ ಬೆಲೆ ಹೊರಡುವುದಿಲ್ಲ.

ಹೊಗೆಯ ವಿಷಯದಲ್ಲೂ ವ್ಯತ್ಯಾಸವಿದೆ. ಒಂದು ಲೀಟರು ಡೀಸೆಲ್ ಉರಿದಾಗ ಸುಮಾರು 2.7 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ದೇಶದಲ್ಲಿ ಕಲ್ಲಿದ್ದಲಿನ ವಿದ್ಯುತ್ತೇ ಹೆಚ್ಚಾಗಿರುವುದರಿಂದ ಒಂದು ಯೂನಿಟ್ಟಿಗೂ ಸರಾಸರಿ 0.7 ಕಿ.ಗ್ರಾಂ ಹೊರಬೀಳುತ್ತದೆ. ಮೇಲಿನ ಲೆಕ್ಕದಂತೆ ಕಿಲೋಮೀಟರಿಗೆ ಜೀಪಿನಿಂದ 270 ಗ್ರಾಂ, ವಿದ್ಯುತ್ ಕಾರಿನಿಂದ ಸುಮಾರು 120 ಗ್ರಾಂ ಆಗುತ್ತದೆ. ವಿದ್ಯುತ್ ಕಾರು ಹೊಗೆಯಿಲ್ಲದ್ದು ಎಂಬ ಮಾತು ಪೂರ್ತಿ ಸರಿಯಲ್ಲ. ಅರ್ಧಕ್ಕಿಂತ ಕಡಿಮೆ ಎಂಬುದು ಸರಿ.

6. ವಿದ್ಯುತ್ ಸಂಪರ್ಕದ ಪರೀಕ್ಷೆ

ಈ ಭಾಗವನ್ನು ವಿದ್ಯುತ್ ಕಾರು ಕೊಳ್ಳುವವರು ಎರಡು ಸಲ ಓದಬೇಕು.

ಮೊದಲನೆಯದಾಗಿ, ಪಂಪ್‌ಸೆಟ್ಟಿನ ಸಂಪರ್ಕದಿಂದ ಕಾರು ಚಾರ್ಜ್ ಮಾಡಬಾರದು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಕರ್ನಾಟಕದಲ್ಲಿ ದೊರೆಯುವ ಉಚಿತ ವಿದ್ಯುತ್ತು ನೀರೆತ್ತುವುದಕ್ಕೆ ಮಾತ್ರ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆಯಾಗುತ್ತದೆ ಮತ್ತು ದಂಡ ತೆರಬೇಕಾಗುತ್ತದೆ.

ಎರಡನೆಯದಾಗಿ, ಮನೆಗೆ ಬರುವ ತಂತಿ ಯಾವುದೆಂದು ತಿಳಿಯಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಲಾಗಿದೆ. ಊರೊಳಗಿನ ಮನೆಗೆ ಇದರಿಂದ ದಿನವಿಡೀ ವಿದ್ಯುತ್ತು ದೊರೆಯುತ್ತದೆ. ಆದರೆ ತೋಟದ ಮನೆ ಪಂಪ್‌ಸೆಟ್ಟಿನ ಮಾರ್ಗದಲ್ಲಿಯೇ ಇದ್ದರೆ ಪೂರೈಕೆಯ ಗಂಟೆಗಳು ಸೀಮಿತ. ಸಾಮಾನ್ಯ ಚಾರ್ಜರು 15 ಆಂಪಿಯರಿನಲ್ಲಿ ಗಂಟೆಗೆ ಸುಮಾರು 3.3 ಯೂನಿಟ್ ಎಳೆಯುತ್ತದೆ. 25 ಯೂನಿಟ್ಟಿನ ಬ್ಯಾಟರಿ ತುಂಬಲು ಎಂಟು ಒಂಬತ್ತು ಗಂಟೆ ಬೇಕು. ವೋಲ್ಟೇಜು 180ಕ್ಕೆ ಇಳಿದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಇಲ್ಲವೆ ಚಾರ್ಜರು ನಿಂತುಹೋಗುತ್ತದೆ. ಕೊಳ್ಳುವ ಮುಂಚೆ ಒಂದು ವಾರ ರಾತ್ರಿ 10 ಗಂಟೆಗೆ, ಬೆಳಗಿನ 5 ಗಂಟೆಗೆ ವೋಲ್ಟೇಜು ನೋಡಿ ಬರೆದಿಡುವುದು ಒಳ್ಳೆಯದು.

ಮೂರನೆಯದಾಗಿ, ಮನೆಯ ಮಂಜೂರಾದ ಲೋಡು 1 ಕಿಲೋವಾಟ್ ಇದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಮೀಟರಿನಿಂದ ಚಾರ್ಜರಿನವರೆಗೆ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ತಂತಿ, ಅದಕ್ಕೆ ತಕ್ಕ ಎಂ.ಸಿ.ಬಿ., ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ ಸುರಕ್ಷಾ ಸ್ವಿಚ್ಚು ಮತ್ತು ಒಳ್ಳೆಯ ಭೂಸಂಪರ್ಕ ಅವಶ್ಯಕ. ಕೊಟ್ಟಿಗೆಯ ಹಳೆಯ ಪ್ಲಗ್ಗಿಗೆ ಉದ್ದನೆಯ ವಯರು ಸಿಕ್ಕಿಸಿ ಚಾರ್ಜ್ ಮಾಡಿದರೆ ಬೆಂಕಿಯ ಅಪಾಯವಿದೆ.

ನಾಲ್ಕನೆಯದಾಗಿ, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಲೆಕ್ಕ. ಅದರ ನಿಯಮದಂತೆ ಹಿಂದಿನ ಸರಾಸರಿ ಬಳಕೆಯ ಮೇಲೆ ಅಲ್ಪ ಹೆಚ್ಚಳದವರೆಗೆ ಮಾತ್ರ ವಿದ್ಯುತ್ತು ಉಚಿತ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್ಟಿಗೆ ಹಣ ಕೊಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಗೆ 60 ಯೂನಿಟ್ ಬೇಕಾಗಿ, ಕಾರು 1,000 ಕಿ.ಮೀ. ಓಡಿದರೆ 167 ಯೂನಿಟ್ ಸೇರಿ ಒಟ್ಟು 227 ಆಗುತ್ತದೆ. ಆದ್ದರಿಂದ ಕಾರಿನ ವಿದ್ಯುತ್ತನ್ನು ಉಚಿತವೆಂದು ಎಣಿಸಲೇಬಾರದು. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರದ ವರ್ಗವಿದ್ದು, ಬೇರೆ ಮೀಟರು ಪಡೆಯುವ ವಿಷಯವನ್ನು ಮೆಸ್ಕಾಂ, ಹೆಸ್ಕಾಂ ಮುಂತಾದ ನಿಮ್ಮ ವಿದ್ಯುತ್ ಸಂಸ್ಥೆಯ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಬೇಕು.

ಮನೆಯ ಮಾಳಿಗೆಯ ಮೇಲೆ 3 ಕಿಲೋವಾಟ್ ಸೌರಫಲಕ ಹಾಕಿಸಿದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್, ಅಂದರೆ 70 ಕಿ.ಮೀ. ಓಡಾಟಕ್ಕೆ ಸಾಲುವಷ್ಟು ವಿದ್ಯುತ್ತು ದೊರೆಯುತ್ತದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಈ ಅಳತೆಯ ಘಟಕಕ್ಕೆ 78,000 ರೂ. ಸಹಾಯಧನ ಗೊತ್ತುಮಾಡಲಾಯಿತು. ಬಯಲುಸೀಮೆಗೆ ಇದು ಚೆನ್ನಾಗಿ ಹೊಂದುತ್ತದೆ. ಮಲೆನಾಡಿನ ಜೂನ್-ಆಗಸ್ಟ್ ತಿಂಗಳುಗಳಲ್ಲಿ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ.

7. ಮಳೆಗಾಲ, ಘಾಟಿ ಮತ್ತು ತುರ್ತು ಪ್ರಯಾಣ

ಮಲೆನಾಡಿನಲ್ಲಿ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತು ನಿಲ್ಲುವುದು ಎಲ್ಲರೂ ಅನುಭವಿಸಿದ ಸಂಗತಿ. ಅಂತಹ ರಾತ್ರಿ ಮನೆಯಲ್ಲಿ ಯಾರಿಗಾದರೂ ಹೆರಿಗೆಯ ನೋವು, ಎದೆನೋವು ಅಥವಾ ಹಾವಿನ ಕಡಿತವಾದರೆ ವಾಹನ ಹೊರಡಲೇಬೇಕು. ಆದುದರಿಂದ ತುರ್ತು ಪ್ರಯಾಣದ ಲೆಕ್ಕ ಮೊದಲೇ ಮಾಡಿಡಬೇಕು. ತೀರ್ಥಹಳ್ಳಿಯಿಂದ 15 ಕಿ.ಮೀ. ಒಳಗಿನ ಮನೆಯೊಂದನ್ನು ತೆಗೆದುಕೊಳ್ಳೋಣ. ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 75 ಕಿ.ಮೀ. ಯೂನಿಟ್ಟಿಗೆ 7 ಕಿ.ಮೀ. ಲೆಕ್ಕದಲ್ಲಿ 11 ಯೂನಿಟ್ ಬೇಕು. ಇದು 25 ಯೂನಿಟ್ಟಿನ ಬ್ಯಾಟರಿಯ ಅರ್ಧದ ಹತ್ತಿರ. ಆದ್ದರಿಂದ ಇಂತಹ ಮನೆಯವರು ಮಳೆಗಾಲದ ರಾತ್ರಿಗಳಲ್ಲಿ ಬ್ಯಾಟರಿ ಶೇ. 60ಕ್ಕಿಂತ ಇಳಿಯದಂತೆ ನೋಡಿಕೊಳ್ಳಬೇಕು. ಡೀಸೆಲ್ ವಾಹನದವರಿಗೂ ಈ ಶಿಸ್ತು ಬೇಕು. ಖಾಲಿ ಟ್ಯಾಂಕಿನ ಜೀಪಿನಿಂದ ಯಾರಿಗೂ ಉಪಯೋಗವಿಲ್ಲ.

ಘಾಟಿ ಹತ್ತಲು ವಿದ್ಯುತ್ ಕಾರಿಗೆ ಆಗದೆಂಬ ಭಯ ಅನವಶ್ಯಕ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ. ಜನ ಸೇರಿ 1,500 ಕಿ.ಗ್ರಾಂ ತೂಗುವ ಕಾರು ಉಡುಪಿಯಿಂದ ಅಲ್ಲಿಗೆ ಹತ್ತಲು ಸಮತಟ್ಟಾದ ದಾರಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬೇಕಾಗುವುದು ಸುಮಾರು 3 ಯೂನಿಟ್ ಮಾತ್ರ. ಇಳಿಯುವಾಗ ಮೋಟಾರೇ ಡೈನಮೋದಂತೆ ಕೆಲಸ ಮಾಡಿ ಅದರಲ್ಲಿ ಸುಮಾರು ಅರ್ಧದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ ಮತ್ತು ಬ್ರೇಕಿನ ಕೆಲಸವನ್ನೂ ಹಗುರಮಾಡುತ್ತದೆ. ಆದರೆ ಬ್ಯಾಟರಿ ಪೂರ್ಣ ತುಂಬಿರುವಾಗ ಹೀಗೆ ಮರಳಿಸಲು ಜಾಗವಿರುವುದಿಲ್ಲ, ಮೋಟಾರಿನ ತಡೆಯೂ ದೊರೆಯುವುದಿಲ್ಲ. ಘಾಟಿಯ ಮೇಲೆ ಮನೆಯಿರುವವರು ಇಳಿಯುವ ದಿನ ಶೇ. 90ಕ್ಕೆ ಚಾರ್ಜ್ ನಿಲ್ಲಿಸುವುದು ಸೂಕ್ತ.

ಹರಿಯುವ ನೀರಿನ ವಿಷಯದಲ್ಲಿ ಯಾವ ವಾಹನವನ್ನೂ ನಂಬಬಾರದು. ಥಾರ್ ವಾಹನವು 650 ಮಿ.ಮೀ. ನಿಂತ ನೀರನ್ನು ದಾಟಬಲ್ಲದೆಂದು ತಯಾರಕರು ಹೇಳುತ್ತಾರೆ. ಆದರೆ ರಭಸದಿಂದ ಹರಿಯುವ ನೀರು 30 ಸೆಂ.ಮೀ. ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು; 60 ಸೆಂ.ಮೀ. ಇದ್ದರೆ ಜೀಪನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಸೇತುವೆ ಮುಳುಗಿದಾಗ ಕಾಯುವುದೊಂದೇ ಉಪಾಯ.

8. ನಿರ್ವಹಣೆ

2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಶೋಧಕವಿದೆ. ಈ ಮಸಿ ತಾನಾಗಿ ಉರಿದುಹೋಗಬೇಕಾದರೆ ಎಂಜಿನ್ನು ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನವೂ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಎಂದು ಮೂರು ನಾಲ್ಕು ಕಿ.ಮೀ. ಮಾತ್ರ ಓಡಿಸಿದರೆ ಶೋಧಕ ಕಟ್ಟಿಕೊಂಡು ದುಬಾರಿ ದುರಸ್ತಿಗೆ ಬರುತ್ತದೆ. ವಾರಕ್ಕೊಮ್ಮೆಯಾದರೂ 20-30 ನಿಮಿಷ ಹೆದ್ದಾರಿಯಲ್ಲಿ ಓಡಿಸಬೇಕು. ಸಣ್ಣ ಓಡಾಟವೇ ಹೆಚ್ಚಿರುವ ಕುಟುಂಬಕ್ಕೆ ಹೊಸ ಡೀಸೆಲ್ ವಾಹನ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು.

ಕೆಲವು ಡೀಸೆಲ್ ವಾಹನಗಳಿಗೆ ಶೇ. 32.5ರ ಶುದ್ಧ ಯೂರಿಯಾ ದ್ರಾವಣವನ್ನು ಪ್ರತ್ಯೇಕ ಟ್ಯಾಂಕಿಗೆ ಹಾಕಬೇಕಾಗುತ್ತದೆ. ಹೊಲಕ್ಕೆ ತಂದ ಯೂರಿಯಾವನ್ನು ಕರಗಿಸಿ ಇದರಲ್ಲಿ ಹಾಕಬಾರದು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ, ಬೇರೆ ಕಲ್ಮಷಗಳೂ ಇರುತ್ತವೆ, ವ್ಯವಸ್ಥೆಯೇ ಕೆಟ್ಟುಹೋಗುತ್ತದೆ.

ವಿದ್ಯುತ್ ಕಾರಿಗೆ ಎಂಜಿನ್ ಎಣ್ಣೆ, ಡೀಸೆಲ್ ಶೋಧಕ, ಕ್ಲಚ್ಚು ಇವುಗಳ ಖರ್ಚಿಲ್ಲ. ಆದರೆ ಬ್ಯಾಟರಿಯ ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಸ್ವಲ್ಪ ಕುಂದುತ್ತದೆ. ಪಂಚ್ ಇ.ವಿ. ಬಂದಾಗ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಕೊಡಲಾಗಿತ್ತು. ಖಾತರಿಯ ಷರತ್ತುಗಳನ್ನು, ಮುಖ್ಯವಾಗಿ ಎಷ್ಟು ಸಾಮರ್ಥ್ಯ ಕುಂದಿದರೆ ಬದಲಾಯಿಸಿ ಕೊಡುತ್ತಾರೆಂಬುದನ್ನು ಓದಿ ನೋಡಬೇಕು. ವಾರಗಟ್ಟಲೆ ನಿಲ್ಲಿಸುವಾಗ ಬ್ಯಾಟರಿಯನ್ನು ಪೂರ್ಣ ತುಂಬಿಯೂ ಪೂರ್ಣ ಖಾಲಿಯೂ ಇಡದೆ ಅರ್ಧದಷ್ಟಿಟ್ಟು ನೆರಳಿನಲ್ಲಿ ನಿಲ್ಲಿಸಬೇಕು. ದುರಸ್ತಿ ಕೇಂದ್ರ ಎಷ್ಟು ದೂರದಲ್ಲಿದೆಯೆಂಬುದೂ ಮುಖ್ಯ. ಊರಿನ ಮೆಕ್ಯಾನಿಕ್ಕು ಜೀಪಿನ ಅನೇಕ ಸಣ್ಣ ದೋಷಗಳನ್ನು ಸರಿಪಡಿಸಬಲ್ಲ. ವಿದ್ಯುತ್ ಕಾರಿನ ಹೆಚ್ಚು ವೋಲ್ಟೇಜಿನ ಭಾಗಗಳಿಗೆ ತರಬೇತಿಯಿಲ್ಲದವರು ಕೈಹಾಕುವಂತಿಲ್ಲ.

9. ತೆರಿಗೆ

2025ರ ಸೆಪ್ಟೆಂಬರ್ 22ರಿಂದ ಬದಲಾದ ಜಿ.ಎಸ್.ಟಿ. ದರಗಳಲ್ಲಿ ವಿದ್ಯುತ್ ಕಾರಿಗೆ ಶೇ. 5 ಇದ್ದರೆ, 1,500 ಸಿ.ಸಿ.ಗಿಂತ ದೊಡ್ಡ ಡೀಸೆಲ್ ಎಂಜಿನ್ನಿನ ವಾಹನಕ್ಕೆ ಶೇ. 40 ಗೊತ್ತುಮಾಡಲಾಯಿತು. ರಾಜ್ಯದ ವಾಹನ ತೆರಿಗೆಯಲ್ಲಿ ವಿದ್ಯುತ್ ವಾಹನಗಳಿಗೆ ಹಿಂದೆ ಪೂರ್ಣ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯವಕ್ಕೆ ಶೇ. 10 ತೆರಿಗೆ ವಿಧಿಸಲಾಯಿತು. ಇಂತಹ ನಿಯಮಗಳು ಆಗಾಗ ಬದಲಾಗುವುದರಿಂದ ಮುಂಗಡ ಕೊಡುವ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

10. ಆಯ್ಕೆಯ ಕ್ರಮ

ಒಂದು ನೋಟುಪುಸ್ತಕದಲ್ಲಿ 30 ದಿನ ಪ್ರತಿ ಓಡಾಟವನ್ನೂ ಬರೆದಿಡಬೇಕು: ಎಲ್ಲಿಗೆ, ಎಷ್ಟು ಕಿ.ಮೀ., ಎಷ್ಟು ಜನ, ಏನು ಹೊರೆ, ದಾರಿ ಹೇಗಿತ್ತು. ಬಳಿಕ ಈ ಕೆಳಗಿನಂತೆ ನಿರ್ಧರಿಸಬಹುದು.

ಅ) ಡಾಂಬರು ಅಥವಾ ಗಟ್ಟಿ ದಾರಿಯ ಪಕ್ಕದ ಮನೆ, ದಿನವೂ 30-60 ಕಿ.ಮೀ. ಓಡಾಟ, ಒಳ್ಳೆಯ ವಿದ್ಯುತ್ ಪೂರೈಕೆ: ವಿದ್ಯುತ್ ಕಾರು.
ಆ) ದಾರಿಯ ಸ್ವಲ್ಪ ಭಾಗ ಮಾತ್ರ ಕೆಟ್ಟದ್ದು, ಉಳಿದುದೆಲ್ಲ ಮೇಲಿನಂತೆ: ಮೊದಲು ದಾರಿ ದುರಸ್ತಿ, ಆಮೇಲೆ ವಿದ್ಯುತ್ ಕಾರು.
ಇ) ಕಡಿದಾದ, ಉದ್ದನೆಯ ಕೆಸರು ದಾರಿ, ಮೇಲಿಂದ ಮೇಲೆ ವಿದ್ಯುತ್ ಕಡಿತ, ದೂರದ ಆಸ್ಪತ್ರೆ: ನಾಲ್ಕು ಚಕ್ರ ಚಾಲನೆಯ ಡೀಸೆಲ್ ಜೀಪು.
ಈ) ಓಡಾಟ ತಿಂಗಳಿಗೆ 300 ಕಿ.ಮೀ.ಗಿಂತ ಕಡಿಮೆ, ಕೆಸರು ವರ್ಷಕ್ಕೆ ಹತ್ತಿಪ್ಪತ್ತು ದಿನ ಮಾತ್ರ: ಹೊಸದಾಗಿ ಯಾವುದನ್ನೂ ಕೊಳ್ಳದೆ, ಇರುವ ವಾಹನ ಇಟ್ಟುಕೊಂಡು ಆ ದಿನಗಳಲ್ಲಿ ಬಾಡಿಗೆ ಜೀಪು ಕರೆಸುವುದು ಮಿತವ್ಯಯ.
ಉ) ಗೊಬ್ಬರ, ಫಸಲು ಸಾಗಿಸುವುದೇ ಮುಖ್ಯ ಉದ್ದೇಶ: ಇವೆರಡೂ ತಕ್ಕುವಲ್ಲ. ಆ ಕೆಲಸ ಟ್ರ್ಯಾಕ್ಟರು ಅಥವಾ ಸರಕು ವಾಹನದ್ದು.

ಕೊನೆಯದಾಗಿ, ನಿರ್ಧಾರಕ್ಕೆ ಮುಂಚೆ ವಾಹನವನ್ನು ನಿಮ್ಮ ದಾರಿಯಲ್ಲಿಯೇ, ನಾಲ್ಕು ಜನ ಕುಳಿತು, ಸಾಧ್ಯವಾದರೆ ಮಳೆಗಾಲದಲ್ಲಿ ಓಡಿಸಿ ನೋಡಬೇಕು. ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ನಿಮ್ಮ ಮನೆಯ ಏರಿನ ವಿಷಯ ತಿಳಿಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆ, ದಾರಿ ಮತ್ತು ವಿದ್ಯುತ್ತನ್ನು ಪರೀಕ್ಷಿಸಿ ವಾಹನ ಕೊಂಡರೆ ದುಡಿದ ಹಣ ವ್ಯರ್ಥವಾಗುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಈ 30 ದಿನಗಳ ಪುಸ್ತಕ ಬರೆಯುವ ಕ್ರಮವನ್ನು ತಮ್ಮ ಹಳ್ಳಿಗಳಲ್ಲಿ ತಿಳಿಸಿಕೊಡಬೇಕು.